ಪಂಕ್ತಿ ಬಿಟ್ಟು ಏಳದವರು

ಅವರು ತೀರಿಕೊಂಡ ಮೇಲೆ ಮನೆಯವರು ಮಾಡಿದ ಶಿವಗಣಾರಾಧನೆಯ ಊಟಕ್ಕೆ ಬಫೆ ಇಟ್ಟಿದ್ದರು. ಹುಬ್ಬಳ್ಳಿಯ ಸಭಾಭವನವೊಂದರಲ್ಲಿ ಕೈಯಲ್ಲಿ ಪ್ಲೇಟು ಹಿಡಿದು, ಗೋಧಿ ಹುಗ್ಗಿಯ ಪಾತ್ರೆಯತ್ತ ಒಂದೊಂದೇ ಹೆಜ್ಜೆ ಸರಿಯುತ್ತ ನಾನೂ ಸಾಲಿನಲ್ಲಿ ನಿಂತಿದ್ದೆ. ಎದುರಿಗೆ ಹೂವಿನ ಮಾಲೆ ಹಾಕಿದ ಫೋಟೋದಲ್ಲಿ ಅವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಗುತ್ತಿದ್ದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅವರಿದ್ದಿದ್ದರೆ ಆ ಪಾತ್ರೆಗಳನ್ನೆಲ್ಲ ಒಳಗೆ ಕಳಿಸಿ, ಚಾಪೆ ಹಾಸಿಸಿ, ಬಂದವರನ್ನೆಲ್ಲ ಸಾಲಾಗಿ ಕೂಡಿಸುತ್ತಿದ್ದರು. "ನಿಂತಕೊಂಡು ಉಣ್ಣಾಕ ನಮಗೇನು ಬಸ್ಸಿಗೆ ಹೊತ್ತಾಗೇತೇನ್ರಿ?" ಎಂಬುದು ಅವರು ಬಫೆ ಕಂಡಲ್ಲೆಲ್ಲ ಕೇಳುತ್ತಿದ್ದ ಪ್ರಶ್ನೆ.

"ಎಲ್ಲಾ ಬರೀರಿ, ಹೆಸರೊಂದು ಬರೀಬ್ಯಾಡ್ರಿ" ಎಂದು ಅವರ ಹೆಂಡತಿ ಹೇಳಿದ್ದಾರೆ. ಹೀಗಾಗಿ ಬರೀ 'ಸರ್' ಎನ್ನುತ್ತೇನೆ. ಧಾರವಾಡದ ಹೈಸ್ಕೂಲೊಂದರಲ್ಲಿ ಅವರು ಹಿಂದಿ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ಬೈರಿದೇವರಕೊಪ್ಪದ ಒಂದೇ ಓಣಿಯಲ್ಲಿ. ಅವರ ಹೆಂಡತಿಯನ್ನು ನಾನು ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತೇನೆ. ಸರ್ ಕಲಿಸುತ್ತಿದ್ದ ಹಿಂದಿ ಅವರ ಹುಟ್ಟೂರು ಹೆಬ್ಬಳ್ಳಿಯ ಹೊಲದಿಂದಲೇ ನೇರ ಬಂದ ಹಾಗಿತ್ತು. ಹಿಂದಿಯ ಹೆಣ್ಣು ಗಂಡುಗಳ ಲೆಕ್ಕ ಅವರಿಗೆ ಕಡೆಯವರೆಗೂ ಹತ್ತಲಿಲ್ಲ ಎಂದು ನಾನು ಕಾಡಿಸುತ್ತಿದ್ದೆ. "ರೊಟ್ಟಿ ಗಂಡಾದ್ರೇನು ಹೆಣ್ಣಾದ್ರೇನು, ಮೆತ್ತಗ ಇದ್ರ ಸಾಕಲ್ರಿ ಮೇಡಮ್ಮಾರ" ಎನ್ನುತ್ತಿದ್ದರು.

ಆದರೆ ಅವರನ್ನು ಹಿಂದಿ ಮಾಸ್ತರ ಎಂದು ಬಲ್ಲವರು ಕಡಿಮೆ. ಬಡಿಸುವವರು ಎಂದು ಬಲ್ಲವರು ಹುಬ್ಬಳ್ಳಿ ಧಾರವಾಡ ಎರಡೂ ಊರಿನಲ್ಲಿದ್ದರು. ರವಿವಾರ ಎಲ್ಲಿ ಲಗ್ನವೋ ಗೃಹಪ್ರವೇಶವೋ ಇದ್ದರೂ ಹೆಗಲಿಗೊಂದು ಟವೆಲ್ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಕೆಲವು ಕಡೆ ಕರೆದಿರುತ್ತಿದ್ದರು, ಕೆಲವು ಕಡೆ ಇಲ್ಲ. ಒಮ್ಮೆ ಯಾರೋ "ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ?" ಎಂದು ಕೇಳಿದಾಗ ಬಕೀಟು ಎತ್ತಿ ತೋರಿಸಿ "ಹುಗ್ಗಿ ಕಡೆಯಾಂವ್ರಿ" ಅಂದಿದ್ದರು.

ಅವರ ಕೈಯಲ್ಲಿ ಸಿಕ್ಕವರ ಪಾಡು ನನಗೆ ಚೆನ್ನಾಗಿ ಗೊತ್ತು. ನಾನು ಕಡಿಮೆ ಉಣ್ಣುವವಳು, ಒತ್ತಾಯ ಮಾಡಿದರೆ ಮೈ ಉರಿಯುವವಳು. ಸಾಕು ಎಂದರೆ ಸಾಕು ಎಂದೇ ಅರ್ಥ ಎಂದು ಕನ್ನಡ ಮಾಸ್ತರಿಣಿಯಾಗಿ ಎಷ್ಟು ಸಲ ವಾದಿಸಿದ್ದೇನೋ. ಅವರು ಒಪ್ಪಿದವರಲ್ಲ. "ಸಾಕಿನಾಗ ಮೂರು ನಮೂನಿ ಅದಾವ್ರಿ. ಬಾಯಿ ಸಾಕು, ಅದು ಸುಳ್ಳು. ಕೈ ಸಾಕು, ಅದು ಅರ್ಧ ಸುಳ್ಳು. ಎಲಿ ಮ್ಯಾಲ ಎದಿ ಹಚ್ಚಿ ಬಗ್ಗಿದ್ರ ಅದು ಎದಿ ಸಾಕು, ಅದರಾಗ ಒಂದ ಸೌಟಿನಷ್ಟು ಜಾಗಾ ಇರತೈತಿ" ಎಂದು ವಿವರಿಸುತ್ತಲೇ ನನ್ನ ಎಲೆಯ ಮೇಲೆ ಆ ಒಂದು ಸೌಟನ್ನು ಹಾಕಿ ಮುಂದೆ ಹೋಗುತ್ತಿದ್ದರು. ನಮ್ಮ ಮಂದಿಯಲ್ಲಿ ಹಸಿದವರೂ ಮೊದಲು ಸಾಕು ಎಂದೇ ಅನ್ನುತ್ತಾರೆ, ಅದೂ ಖರೆ. ಯಾರದು ಹಸಿವು, ಯಾರದು ಸಂಕೋಚ ಎಂದು ಹುಡುಕಲು ಹೋಗದೆ ಅವರು ಎಲ್ಲರಿಗೂ ಹಾಕಿಬಿಡುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು ಇತ್ತು. ಪಂಕ್ತಿಯಲ್ಲಿ ಕೂತವರು ಕೊನೆಯವನ ಊಟ ಮುಗಿಯುವವರೆಗೆ ಏಳಕೂಡದು. ಎಲೆಯಲ್ಲಿ ಬಿದ್ದದ್ದು ಪ್ರಸಾದ, ಅದನ್ನು ಬಿಡಕೂಡದು. ಒಮ್ಮೆ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ನಮ್ಮ ಶಾಲೆಯ ಊಟದಲ್ಲಿ ಫೋನು ಬಂತೆಂದು ನಡುವೆಯೇ ಎದ್ದರು. ಸರ್ ಮಜ್ಜಿಗೆ ಬಕೀಟು ಹಿಡಿದು ಅವರ ಮುಂದೆ ಅಡ್ಡ ನಿಂತು, "ಸಾಹೇಬ್ರ, ಫೋನು ಕಾಯತೈತಿ. ನೀವು ಎದ್ರ ಬಾಜೂದವರ ತುತ್ತು ಗಂಟಲದಾಗ ಇಳ್ಯೂದಿಲ್ರಿ. ಕುಂದರ್ರಿ" ಅಂದರು. ಸಾಹೇಬರು ಕೂತರು. ಹೆಡ್ ಮಾಸ್ತರರ ಮುಖ ನೋಡುವ ಹಾಗಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ನಾನು ಬೈದಾಗ ಸರ್ ಮೆಲ್ಲಗೆ ಹೇಳಿದರು. ಹುಡುಗನಾಗಿದ್ದಾಗ ಅವರು ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಸಾವಕಾಶ ಉಣ್ಣುವ ಸ್ವಭಾವ. ಉಳಿದ ಹುಡುಗರು ಬೇಗ ಉಂಡು ಎದ್ದುಬಿಟ್ಟರೆ ಇವರೂ ಹಸಿದ ಹೊಟ್ಟೆಯಲ್ಲೇ ಏಳಬೇಕಾಗುತ್ತಿತ್ತಂತೆ. ಅದನ್ನು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ.

ಇಂಥವರು ಒಂದು ವರ್ಷ ದೀಪಾವಳಿ ಕಳೆದ ಮೇಲೆ ಸ್ಟಾಫ್ ರೂಮಿನಲ್ಲಿ ಅರ್ಧ ರೊಟ್ಟಿ ತಿಂದು ಡಬ್ಬಿ ಮುಚ್ಚತೊಡಗಿದರು. "ಪಿತ್ತ ಆಗೇತ್ರಿ" ಅಂದರು. ನಾವು ಲಿಂಬೆ ಸೋಡಾ ಹೇಳಿದೆವು, ಜೀರಿಗೆ ಕಷಾಯ ಹೇಳಿದೆವು. ನಮ್ಮಲ್ಲಿ ತಲೆನೋವಿನಿಂದ ಹಿಡಿದು ಮನಸ್ಸಿನ ಬೇಸರದವರೆಗೆ ಎಲ್ಲದಕ್ಕೂ ಪಿತ್ತವೇ ಕಾರಣವಲ್ಲವೇ! ಮುಖ ಸೊರಗುತ್ತಿತ್ತು, ಎಡಗಡೆ ಹೊಟ್ಟೆ ಮಾತ್ರ ಮುಂದೆ ಬರುತ್ತಿತ್ತು. "ಸರ್, ಬಡಿಸಿದ್ದೆಲ್ಲಾ ನಿಮ್ಮ ಹೊಟ್ಟಿಗೇ ಹೋಗಾಕತ್ತೇತಿ" ಎಂದು ಪಿ.ಟಿ. ಸರ್ ನಗಿಸಿದರು. ಸರ್ ಕೂಡ ನಕ್ಕರು.

ವೈನಿ ಒಬ್ಬರೇ ದವಾಖಾನೆಗೆ ಹೋಗಲು ಅಂಜಿದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಹೊಟ್ಟೆ ಒತ್ತಿ ನೋಡಿ, ಸಾವಕಾಶವಾಗಿ ತಿಳಿಸಿದರು. "ಇದು ರಕ್ತದ ಕ್ಯಾನ್ಸರ್ರಿ. ಆದ್ರ ಲಗೂ ಓಡೋ ನಮೂನಿ ಅಲ್ಲ, ನಿಧಾನದ್ದು. ರಕ್ತದಾಗ ಬಿಳಿ ಕಣ ವಿಪರೀತ ಆಗ್ಯಾವ. ಗುಲ್ಮ ಅಂತ ಎಡಗಡೆ ಒಂದು ಅಂಗ ಇರತೈತಿ, ಅದು ಊದಿಕೊಂಡು ಜಠರಾ ಒತ್ತಾಕತ್ತೇತಿ. ಅದಕ್ಕ ಎರಡ ತುತ್ತಿಗೇ ಹೊಟ್ಟಿ ತುಂಬಿಧಂಗ ಆಗತೈತಿ. ಗುಳಿಗಿ ಐತ್ರಿ. ತಪ್ಪದ ತೊಗೊಂಡ್ರ ಶುಗರ್ ಇದ್ದವರು ಇರೂದಿಲ್ಲೇನು, ಹಂಗ ಇರಬಹುದು. ಒಂದ ದಿನಾನೂ ಬಿಡಬ್ಯಾಡ್ರಿ. ಹೊಟ್ಟಿ ತುಂಬ ಉಂಡು ತೊಗೋರಿ."

"ಹೊಟ್ಟಿ ಎರಡ ತುತ್ತಿಗೇ ತುಂಬತೈತಿ ಅಂತೀರಿ, ಹೊಟ್ಟಿ ತುಂಬ ಉಣ್ರಿ ಅಂತೀರಿ. ಎಲ್ಲಿ ಹಾಕಲಿರಿ?" ಎಂದು ಸರ್ ಕೇಳಿದರು. ಡಾಕ್ಟರು ನಕ್ಕರು. ಸರ್ ನಗಲಿಲ್ಲ.

ಹೊರಗೆ ಬಂದು ಚಹಾದಂಗಡಿಯ ಮುಂದೆ ನಿಂತಾಗ ಅವರಿಗೆ ಸಾಯುವ ಚಿಂತೆ ಇದ್ದಂತೆ ನನಗೆ ಕಾಣಲಿಲ್ಲ. "ಮೇಡಮ್ಮಾರ, ಸಾಲ್ಯಾಗ ಅಲ್ಸರ್ ಅಂತ ಹೇಳೂಣ. ಕ್ಯಾನ್ಸರ್ ಅಂತ ಗೊತ್ತಾದ್ರ ಕೈಯಾಗಿನ ಸೌಟು ಕಸಗೊಂತಾರ. ನೀವು ಕುಂದರ್ರಿ ಸರ್, ನಾವು ಬಡಸ್ತೇವಿ ಅಂತಾರ. ಒಮ್ಮೆ ಕುಂತೆ ಅಂದ್ರ ನಾ ಮತ್ತ ಏಳೂದಿಲ್ರಿ" ಅಂದರು. ವೈನಿ ಸೆರಗಿನಿಂದ ಮೂಗು ಒರೆಸಿಕೊಂಡು ತಲೆಯಾಡಿಸಿದರು. ಅಂದಿನಿಂದ ಆ ಮಾತು ಮೂವರಲ್ಲೇ ಉಳಿಯಿತು.

ಗುಳಿಗೆ ತನ್ನ ಕೆಲಸ ಮಾಡಿತು. ಹೊಟ್ಟೆಯ ಎಡಗಡೆ ಇಳಿಯಿತು, ಡಬ್ಬಿ ಪೂರ್ತಿ ಖಾಲಿಯಾಗತೊಡಗಿತು. ಆದರೆ ಅದೇ ಗುಳಿಗೆ ಅವರ ಕರುಳನ್ನು ಕೆಡಿಸಿತು. ಮುಂಜಾನೆ ನುಂಗಿದರೆ ವಾಕರಿಕೆ, ಆಮೇಲೆ ಹೊಟ್ಟೆ ಮುರಿದುಕೊಂಡು ಬರುವುದು. ಕಣ್ಣಿನ ಸುತ್ತ ಬಾವು ಬಂದು, ಸರ್ ಅತ್ತಿದ್ದಾರೆ ಎಂದು ಹುಡುಗಿಯರು ಮಾತಾಡಿಕೊಂಡರು. ನಾವು ದಿನಾ ಹೋಗುವುದು ಬಾಗಿಲು ತಾನೇ ಮುಚ್ಚಿಕೊಳ್ಳುವ ಎ.ಸಿ. ಬಸ್ಸಿನಲ್ಲಿ. ಅದು ತನ್ನ ನಿಲ್ದಾಣ ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ. ಒಂದು ದಿನ ಬಾಗಿಲು ಮುಚ್ಚಿದ ಕೂಡಲೇ ಸರ್ ಎದ್ದು ನಿಂತರು. ಹಣೆಯ ಮೇಲೆ ಬೆವರು. ಬಾಗಿಲಿನ ಗಾಜಿಗೆ ಅಂಗೈ ಒತ್ತಿ, ಹೊರಗೆ ಸರಿದುಹೋಗುವ ಅಂಗಡಿಗಳನ್ನು ನೋಡುತ್ತ, ಮುಂದಿನ ನಿಲ್ದಾಣದವರೆಗೆ ಹಾಗೇ ನಿಂತಿದ್ದರು. ಇಳಿದವರು ಆ ದಿನ ಶಾಲೆಗೆ ಬರಲಿಲ್ಲ. ಮಾರನೆಯ ದಿನದಿಂದ ಸ್ಕೂಟರ್ ಹಿಡಿದರು. ದಾರಿಯಲ್ಲಿ ಯಾವ ಪೆಟ್ರೋಲ್ ಪಂಪಿನಲ್ಲಿ ಸಂಡಾಸ ಇದೆ, ಯಾವುದಕ್ಕೆ ಕೀಲಿ ಹಾಕಿರುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಯಿತು. "ಗುಳಿಗಿ ತೊಗೊಂಡ್ರ ಹೊಟ್ಟಿ ನಿಲ್ಲೂದಿಲ್ಲ, ಬಿಟ್ರ ನಾ ನಿಲ್ಲೂದಿಲ್ಲ. ಎರಡೂ ಬಾಜೂಕ ಗ್ವಾಡಿ ಬಂದು ನಿಂತಾವ್ರಿ" ಎಂದು ಒಮ್ಮೆ ಸಂಜೆ ನಮ್ಮ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಹೇಳಿದ್ದರು.

ಇದರ ನಡುವೆಯೂ ಬಡಿಸುವುದು ನಡೆದೇ ಇತ್ತು. ಅದು ಹೇಗೆ ಸಾಧ್ಯ ಎಂದು ನಮ್ಮ ತಲೆಗೆ ಹೊಳೆಯಬೇಕಿತ್ತು. ಸಂಡಾಸಕ್ಕೆ ಹೋಗಿಬಂದವನು ಮೈತೊಳೆಯದೆ ಬಡಿಸುವ ಪಾತ್ರೆ ಮುಟ್ಟಬಾರದು ಎಂಬುದು ಅವರು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ರೂಢಿ. ಪಂಕ್ತಿಯ ನಡುವೆ ಜಳಕ ಮಾಡಲಾದೀತೆ? ಅದಕ್ಕೆ ಅವರೇ ಒಂದು ದಾರಿ ಹುಡುಕಿಕೊಂಡಿದ್ದರು. ಲಗ್ನದ ದಿನ ಗುಳಿಗೆ ಇಲ್ಲ. ಆಮೇಲೆ ಲಗ್ನದ ಹಿಂದಿನ ದಿನವೂ ಇಲ್ಲ. ಕೊನೆಗೆ ಲಗ್ನದ ಸೀಸನ್ನಿನಲ್ಲೇ ಇಲ್ಲ. ವೈನಿಯ ಕಣ್ಣೆದುರು ಗುಳಿಗೆ ಬಾಯಿಗೆ ಹಾಕಿಕೊಂಡು, ಬಚ್ಚಲಿಗೆ ಹೋಗಿ ಉಗುಳುತ್ತಿದ್ದರಂತೆ.

ಆ ಬೇಸಿಗೆಯ ಕೊನೆಗೆ, ಶಾಲೆ ಶುರುವಾದ ವಾರದಲ್ಲೇ, ಹಿಂದಿ ಪುಸ್ತಕ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು ಅಲ್ಲೇ ಕುಸಿದರು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ದವಾಖಾನೆಯಲ್ಲಿ ರಕ್ತ ಏರಿಸುತ್ತ ಡಾಕ್ಟರು ಕೇಳಿದರು, "ಸಂಡಾಸ ಯಾವ ಬಣ್ಣ ಆಗತಿತ್ತು?"

"ಕರ್ರಗ ಆಗತಿತ್ರಿ. ಅದು ಗುರೆಳ್ಳ ಹಿಂಡೀದ್ರಿ" ಎಂದು ಸರ್ ಮಲಗಿದಲ್ಲಿಂದಲೇ ಉತ್ತರಿಸಿದರು.

ಗುರೆಳ್ಳ ಹಿಂಡಿ, ಎಂದರೆ ಗುರೆಳ್ಳು ಹುರಿದು ಕುಟ್ಟಿದ ಕಪ್ಪು ಚಟ್ನಿಪುಡಿ, ಇಲ್ಲದೆ ಅವರು ರೊಟ್ಟಿ ಮುಟ್ಟಿದವರಲ್ಲ. ಕರಿ ಹಿಂಡಿ ತಿಂದರೆ ಕರ್ರಗೇ ಆಗುತ್ತದೆ, ಅದರಲ್ಲಿ ಹೇಳುವಂಥದ್ದೇನು ಎಂದು ಎಷ್ಟೋ ದಿನ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಡಾಕ್ಟರಿಗೆ ಗೊತ್ತಾಗಲಿಕ್ಕಿಲ್ಲ ಎಂದು ವೈನಿ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹಿಂಡಿಯನ್ನು ಅವರ ಮೂಗಿನ ಹತ್ತಿರ ಹಿಡಿದರು. "ನೋಡ್ರಿ, ಈ ಸಲ ನಾನಽ ಸ್ವಲ್ಪ ಜಾಸ್ತಿ ಹುರದೇನಿ" ಎಂದು ತಪ್ಪನ್ನು ತಾವೇ ತಗೊಂಡರು.

ಡಾಕ್ಟರು ಡಬ್ಬಿಯನ್ನು ನೋಡಿದರು, ವೈನಿಯನ್ನು ನೋಡಿದರು. "ಅವ್ವಾರ, ಹಿಂಡೀಲೆ ಡಾಂಬರಿನಂಗ ಆಗೂದಿಲ್ರಿ. ಅದು ರಕ್ತ. ಜಠರದಾಗ ಹುಣ್ಣಾಗಿ ದಿನಾ ಸೋರೇತಿ. ಇವರ ರೋಗದಾಗ ಸೋರಿದ ರಕ್ತ ಲಗೂ ನಿಲ್ಲೂದಿಲ್ಲ" ಅಂದವರು ಸರ್ ಕಡೆ ತಿರುಗಿ, "ಗುಳಿಗಿ ತೊಗೋತಿದ್ರಿಲ್ಲೋ? ಗುಲ್ಮ ಮತ್ತ ಯಾಕ ಇಷ್ಟು ಊದೇತಿ?" ಎಂದು ಕೇಳಿದರು.

"ಲಗ್ನ ಇದ್ದಾಗ ಬಿಟ್ಟೀನ್ರಿ."

"ಎಷ್ಟು ಲಗ್ನ?"

"ಸೀಸನ್ ಇತ್ತಲ್ರೀ" ಎಂದು ಸರ್ ಗೋಡೆಯ ಕಡೆ ಮುಖ ಮಾಡಿದರು.

ಆ ಡಾಕ್ಟರು ಕೂಗಾಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಬಿಟ್ಟು ಬಿಟ್ಟು ತಗೊಂಡರೆ ರೋಗ ಗುಳಿಗೆಗೆ ಬಗ್ಗುವುದಿಲ್ಲ, ಆಮೇಲೆ ನನ್ನನ್ನು ಕೇಳಬೇಡಿ ಅಂದರು. ವೈನಿ ಕೂಗಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಚೀಲದಲ್ಲಿಟ್ಟರು. ಮನೆಗೆ ಬಂದ ಮೇಲೆ ಮುಂಜಾನೆ ರೊಟ್ಟಿ ತಿನ್ನಿಸಿ, ಗುಳಿಗೆ ಕೊಟ್ಟು, ಸಣ್ಣ ಮಕ್ಕಳಿಗೆ ಮಾಡುವ ಹಾಗೆ ಬಾಯಿ ತೆರೆಸಿ ನೋಡುವುದು ಶುರುವಾಯಿತು. ಅರ್ಧ ತಾಸು ಬಚ್ಚಲಿನ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಬಡಿಸುವುದು ನಿಂತಿತು. ಲಗ್ನದ ದಿನ ಓಣಿಯಲ್ಲಿ ಬ್ಯಾಂಡ್ ಹಾದುಹೋದರೆ ಸರ್ ಎದ್ದು ಕಿಟಕಿ ಹಾಕುತ್ತಿದ್ದರು. ಮನೆ, ಶಾಲೆ, ಎರಡರ ನಡುವಿನ ಪೆಟ್ರೋಲ್ ಪಂಪುಗಳು, ಅವರ ಊರು ಇಷ್ಟೇ ಆಯಿತು.

ಹೀಗಿರುವಾಗ ಅವರ ನಿವೃತ್ತಿ ಬಂತು. ಬೀಳ್ಕೊಡುಗೆಯ ಊಟಕ್ಕೆ ಹೊಸ ಮಾಸ್ತರರೆಲ್ಲ ಸೇರಿ ಒಂದು ಪ್ರೀತಿಯ ಕೆಲಸ ಮಾಡಿದ್ದರು. ಸರ್‌ಗೆ ಬಫೆ ಸೇರುವುದಿಲ್ಲವೆಂದು ಸಭಾಗೃಹದ ಬೆಂಚುಗಳನ್ನೆಲ್ಲ ಹೊರಗೆ ಹಾಕಿ, ಚಾಪೆ ಹಾಸಿ, ಬಾಳೆ ಎಲೆ ಹಾಕಿ, ಎರಡು ಉದ್ದದ ಪಂಕ್ತಿ ಮಾಡಿದ್ದರು. ಗಂಡಸರ ಸಾಲಿನ ಮೊದಲ ಎಲೆ ಆಡಳಿತ ಮಂಡಳಿಯ ಅಧ್ಯಕ್ಷರದು, ಅದರ ಪಕ್ಕದ್ದು ಸರ್‌ದು. ಎದುರಿನ ಹೆಂಗಸರ ಸಾಲಿನಲ್ಲಿ ನಾನು ಮತ್ತು ವೈನಿ. "ಇಷ್ಟು ವರ್ಷ ನಮಗ ಬಡಿಸೀರಿ, ಇವತ್ತ ನೀವು ಕುಂದರ್ರಿ ಸರ್" ಎಂದು ಪಿ.ಟಿ. ಸರ್ ಅವರ ತೋಳು ಹಿಡಿದು ಕೂಡಿಸಿದರು. ಅವರು ಅಂಜಿದ್ದು ಇದೇ ಮಾತಿಗೆ.

ಆ ದಿನ ಮುಂಜಾನೆ ಸರ್ ವೈನಿಗೆ ಕೈಮುಗಿದು ಕೇಳಿಕೊಂಡಿದ್ದರಂತೆ, ಇವತ್ತೊಂದು ದಿನ ಗುಳಿಗೆ ಬೇಡ, ಊಟ ಮುಗಿಸಿಕೊಂಡು ಬಂದು ತಗೊಳ್ಳುತ್ತೇನೆ ಎಂದು. ವೈನಿ ಕೇಳಲಿಲ್ಲ. ಒಮ್ಮೆ ಮೋಸ ಹೋದವರು ಹೇಗೆ ಕೇಳಿಯಾರು? ನುಂಗಿಸಿಯೇ ಕರೆತಂದಿದ್ದರು.

ಹುಗ್ಗಿ ಬಂತು. ಸರ್ ಮೊದಲು ಬಾಯಿಂದ ಸಾಕು ಅಂದರು, ಆಮೇಲೆ ಎರಡೂ ಕೈ ಅಡ್ಡ ಹಿಡಿದರು, ಕೊನೆಗೆ ಎಲೆಯ ಮೇಲೆ ಎದೆ ಹಚ್ಚಿ ಬಗ್ಗಿಬಿಟ್ಟರು. ಸಾಲಿಗೆ ಸಾಲೇ ನಕ್ಕಿತು. "ಎದಿ ಸಾಕಿನಾಗ ಒಂದ ಸೌಟಿನಷ್ಟು ಜಾಗಾ ಇರತೈತ್ರಿ, ನೀವಽ ಹೇಳಿಕೊಟ್ಟೀರಿ" ಎಂದು ಪಿ.ಟಿ. ಸರ್ ಪಕ್ಕದಿಂದ ಹುಗ್ಗಿ ಸುರಿದರು, ಅದರ ಮೇಲೆ ಧಾರಾಳ ತುಪ್ಪ ಬಿತ್ತು. ಹುಡುಗರು ಮಾಡಿದ್ದೆಲ್ಲ ಪ್ರೀತಿಯಿಂದಲೇ. ಆ ಪ್ರೀತಿಯನ್ನು ಸರ್ ತುತ್ತು ತುತ್ತಾಗಿ ನುಂಗುತ್ತಿದ್ದುದನ್ನು ನೋಡಲು ನನ್ನಿಂದ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು. ಬಸ್ಸಿನಲ್ಲಿ ಕಂಡಿದ್ದ ಅದೇ ಬೆವರು ಹಣೆಗೆ ಬಂತು. ಎಡಗೈ ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಪಕ್ಕದಲ್ಲಿ ಅಧ್ಯಕ್ಷರು ಯಾವುದೋ ಹಳೆಯ ಕಥೆ ಹೇಳುತ್ತ ಎಣ್ಣೆಗಾಯಿಯನ್ನು ಸಾವಕಾಶವಾಗಿ ಸವಿಯುತ್ತಿದ್ದರು. ಅನ್ನ ಬರಬೇಕಿತ್ತು, ಕಟ್ಟಿನ ಸಾರು ಬರಬೇಕಿತ್ತು, ಮಜ್ಜಿಗೆ ಬರಬೇಕಿತ್ತು. ಅಷ್ಟೂ ಮುಗಿಯದೆ ಪಂಕ್ತಿ ಏಳುವಂತಿಲ್ಲ. ಬೇರೆ ಯಾರೇ ಆಗಿದ್ದರೂ ಎದ್ದುಹೋಗುತ್ತಿದ್ದರು. ಸಾಹೇಬರನ್ನೇ ಕೂಡಿಸಿದ ಮನುಷ್ಯ ಹೇಗೆ ಎದ್ದಾರು? ಕೂತಲ್ಲೇ ಮಾನ ಹೋದರೂ ಇವರು ಏಳುವವರಲ್ಲ ಎಂದು ನನಗೆ ಖಾತ್ರಿಯಾಯಿತು.

ಆಗ ನನ್ನ ಪಕ್ಕದಲ್ಲಿ ವೈನಿ ಎದ್ದುನಿಂತರು. ಯಾರ ಮುಂದೆಯೂ ಜೋರು ಮಾತಾಡದ, ಸಂಡಾಸ ಎನ್ನುವ ಶಬ್ದವನ್ನು ಡಾಕ್ಟರರ ಮುಂದೂ ಪಿಸುಗುಡುತ್ತಿದ್ದ ಹೆಂಗಸು ಹೊಟ್ಟೆ ಹಿಡಿದುಕೊಂಡು ಇಡೀ ಸಭಾಗೃಹಕ್ಕೆ ಕೇಳುವಂತೆ ಕೂಗಿದರು. "ಅಯ್ಯಯ್ಯ, ನನಗ ಹೊಟ್ಟಿ ಮುರದುಕೊಂಡ ಬಂತ್ರಿ! ತಡಕೊಳ್ಳಾಕ ಆಗವಲ್ದು. ಏಳ್ರಿ, ನನ್ನ ಹಿಡಕೊಂಡು ನಡೀರಿ!"

ಸರ್ ಆಗಲೂ ಅಧ್ಯಕ್ಷರ ಮುಖ ನೋಡಿದರು. "ಏಳ್ರಿ ಏಳ್ರಿ, ವೈನ್ಯಾರ್ನ ನೋಡ್ರಿ ಮೊದಲ" ಎಂದು ಅಧ್ಯಕ್ಷರೇ ಅಂದ ಮೇಲೆ ಎದ್ದರು. ವೈನಿ ಅವರ ಹೆಗಲಿಗೆ ಒರಗಿ ನರಳುತ್ತ ನಡೆದರು. ಯಾರು ಯಾರನ್ನು ಹಿಡಿದುಕೊಂಡಿದ್ದರು ಎಂಬುದು ಹಿಂದೆ ನಡೆಯುತ್ತಿದ್ದ ನನಗೊಬ್ಬಳಿಗೆ ಕಾಣುತ್ತಿತ್ತು.

ಹಿತ್ತಲಿನ ಸಂಡಾಸದ ಬಾಗಿಲು ಮುಚ್ಚಿಕೊಂಡಿತು. ವೈನಿ ಹೊಸ ಇಳಕಲ್ ಸೀರೆಯುಟ್ಟು, ಹುಗ್ಗಿ ಅಂಟಿದ ಬಲಗೈಯನ್ನು ಮೈಯಿಂದ ದೂರ ಹಿಡಿದು, ಎಡಗೈಯಲ್ಲಿ ನೀರಿನ ಚೊಂಬು ಹಿಡಿದು ಕಾವಲು ನಿಂತರು. "ಬ್ಯಾಡ ಬ್ಯಾಡ ಅಂದ್ರುರಿ ಮೇಡಮ್ಮಾರ. ನಾನಽ ನುಂಗಿಸಿದೆ" ಅಂದರು. ಅಷ್ಟರಲ್ಲಿ ಹೆಡ್ ಮಾಸ್ತರರ ಹೆಂಡತಿ ಓಡಿಬಂದು ಏನಾಯಿತೆಂದು ಕೇಳಿದರು. ವೈನಿ ಕೂಡಲೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮೊದಲಿಂದ ನನ್ನ ಹೊಟ್ಟಿ ನಾಜೂಕರಿ. ತುಪ್ಪ ಬಿತ್ತಂದ್ರ ಮುಗೀತು" ಎಂದು ಶುರುಮಾಡಿ, ಎಲ್ಲಿ ನೋಯುತ್ತದೆ, ಎಷ್ಟು ತುತ್ತಿಗೆ ತುಂಬುತ್ತದೆ ಎಂದೆಲ್ಲ ಒಂದೂ ತಪ್ಪದಂತೆ ವಿವರಿಸಿದರು. ಅದು ಯಾರ ಹೊಟ್ಟೆಯ ವರ್ಣನೆ ಎಂಬುದು ಬಾಗಿಲಿನ ಆಚೆಗೂ ಕೇಳಿಸಿರಬೇಕು. ಒಳಗೆ ನಲ್ಲಿಯ ಸಪ್ಪಳ ನಿಂತಿತ್ತು.

ಆಮೇಲೆ ಆ ಹೊಟ್ಟೆ ವೈನಿಯದಾಗಿಯೇ ಉಳಿಯಿತು. ಶಾಲೆಯವರು ಬಜಾರಿನಲ್ಲಿ ಸಿಕ್ಕರೆ "ಈಗ ಹೊಟ್ಟಿ ಹ್ಯಾಂಗೈತ್ರಿ?" ಎಂದು ಕೇಳುತ್ತಿದ್ದರು. ಪಿ.ಟಿ. ಸರ್ ಹೆಂಡತಿ ಇಸಬಗೋಲದ ಡಬ್ಬಿ ಕಳಿಸಿದ್ದರು. ಸರ್ ಮುಂದೆಯೇ ಕೂತಿದ್ದಾಗ ನಾನೂ ವೈನಿಯನ್ನೇ ಕೇಳುವುದು ರೂಢಿಯಾಯಿತು. "ಇವತ್ತ ಅಡ್ಡಿಯಿಲ್ರಿ, ಒಂದು ರೊಟ್ಟಿ ಹೋತು" ಎನ್ನುತ್ತಿದ್ದರು. ಕೆಲವೊಮ್ಮೆ "ನಿನ್ನೆಲ್ಲಾ ಭಾಳ ಕಾಡಿತ್ರಿ, ಮಜ್ಜಗಿ ಅಷ್ಟ ನಿಂತು" ಎನ್ನುತ್ತಿದ್ದರು. ಸರ್ ಪೇಪರ್ ಓದುತ್ತಿರುವವರ ಹಾಗೆ ಸುಮ್ಮನಿರುತ್ತಿದ್ದರು. ಒಂದೇ ಒಂದು ಸಲ ಪೇಪರ್ ಕೆಳಗಿಳಿಸಿ, "ಅಕಿಗೆ ಭಾಳ ತ್ರಾಸ ಆಗೇತ್ರಿ ಮೇಡಮ್ಮಾರ" ಅಂದರು. ವೈನಿ ಎದ್ದು ಒಳಗೆ ಹೋದರು.

ಡಾಕ್ಟರು ಅಂಜಿದ ಹಾಗೆಯೇ ಆಯಿತು, ಗುಳಿಗೆಗೆ ರೋಗ ಬಗ್ಗದಾಯಿತು. ಬೇರೆ ಗುಳಿಗೆ ಬಂತು, ಅದೂ ಹಿಡಿಯಲಿಲ್ಲ. ಗುಲ್ಮ ಮತ್ತೆ ಊದಿತು, ಮತ್ತೆ ರಕ್ತ ಸೋರಿತು. ಈ ಸಲ ದವಾಖಾನೆಯಿಂದ ಬೇಗ ಬಿಡಲಿಲ್ಲ. ನಾನು ದಿನಾ ಮುಂಜಾನೆ ಶಾಲೆಗೆ ಹೊರಡುವ ಮುಂಚೆ ಫೋನು ಮಾಡುತ್ತಿದ್ದೆ. ಸರ್ ಕಿವಿಗೆ ಬೀಳುತ್ತದೆ ಎಂದು ವೈನಿ ಅಲ್ಲಿಯೂ ತಮ್ಮ ಹೊಟ್ಟೆಯ ಸಮಾಚಾರವನ್ನೇ ಹೇಳುತ್ತಿದ್ದರು.

ಒಂದು ಸೋಮವಾರ ಬಸ್ಸಿಗೆ ನಿಂತಲ್ಲಿಂದಲೇ ಫೋನು ಹಚ್ಚಿದೆ. "ವೈನ್ಯಾರ, ಹೊಟ್ಟಿ ಹ್ಯಾಂಗೈತ್ರಿ ಇವತ್ತ?" ಎಂದು ಕೇಳಿದೆ.

"ಇನ್ನ ನನಗ ಏನೂ ತ್ರಾಸಿಲ್ರಿ ಮೇಡಮ್ಮಾರ" ಅಂದರು ವೈನಿ.